ಮೌಲಾ ಮಾಸ್ತರರ ಡಿಸ್ಕೋ ಪಾರ್ಟಿ ಮತ್ತು ಸತ್ತಿಯ ಓಣಿ

ಸೋಮವಾರ, ಬೆಳಿಗ್ಗೆ ಎಂಟೂಕಾಲು. ಸ್ಥಳ, ನಿಪ್ಪಾಣಿಯಲ್ಲಿ ನಮ್ಮ ಬ್ಯಾಂಡಿನ ಅಂಗಡಿ. ಹಾಜರಿದ್ದವರು: ಹೋದ ತಿಂಗಳು ತೀರಿಕೊಂಡ ಮೌಲಾ ಮಾಸ್ತರರ ಮಗಳು ರುಬೀನಾ, ಕರೋಶಿಯಿಂದ ಬಂದು ಸೇರಿದ ಹೊಸ ಡ್ರಮ್ಮರ್ ಪ್ರಕಾಶ, ಈ ಮದುವೆಯ ಸೀಸನ್ನಿಗೆ ಸೇರಿದ ಇನ್ನೂ ಮೂವರು, ಮತ್ತು ನಾನು. ನನ್ನ ಹೆಸರು ಭರಮು. ಸೇನೆಯ ಬ್ಯಾಂಡಿನಲ್ಲಿ ಹದಿನೈದು ವರ್ಷ, ಮಾಸ್ತರರ ಪಾರ್ಟಿಯಲ್ಲಿ ಮೂವತ್ತು ವರ್ಷ ಡ್ರಮ್ ಬಾರಿಸಿ ಈಗ ಮನೆಯಲ್ಲಿದ್ದೇನೆ. ಅಂಗಡಿಯಲ್ಲಿ ನನ್ನನ್ನು ಕರೆಯುವುದು ಹವಾಲ್ದಾರ ಕಾಕಾ ಎಂದು.

ಹೊಸಬರಿಗೆ ಈ ಕೆಲಸ ಎಂಥದ್ದೆಂದು ತಿಳಿಸಿಕೊಡಲು ರುಬೀನಾ ನನ್ನನ್ನು ಎಂಟೂವರೆಗೆ ಕರೆದಿದ್ದಳು. ಹದಿನೈದು ನಿಮಿಷ ಮೊದಲೇ ಹೋಗುವುದು ನನ್ನ ರೂಢಿ. ಹೋದಾಗ ಅವಳು ಫೋನು ಕೆಳಗಿಟ್ಟು ಗೋಡೆ ನೋಡುತ್ತ ಕುಳಿತಿದ್ದಳು.

"ಕಾಕಾ, ಸತ್ತಿಯಿಂದ ಫೋನ್ ಬಂದಿತ್ತು. ಬರೋ ವಾರದ ಮದುವಿ. ಬೀಗರಿಗೆ ನಮ್ಮ ಪಾರ್ಟಿನ ಬೇಕಂತ. ಆದ್ರ ಆ ಓಣಿ ಮಂದಿ ಬ್ಯಾಡ ಅಂತಾರ. ಹೆಣದ ಮುಂದ ಡಿಸ್ಕೋ ಬಾರಿಸಿದ ಪಾರ್ಟಿ ಅಂತ. ಗಂಗವ್ವ ಅಂತ ಒಬ್ಬರು ಅದಾರಂತ, ಅವರು ಹೂಂ ಅಂದ್ರ ಅಷ್ಟ ಬರ್ರಿ ಅಂದ್ರು. ನಾ ಹೋಗಿ ಏನ ಕೇಳ್ಲಿ? ಅಬ್ಬಾ ಹಂಗ ಯಾಕ ಮಾಡಿದ್ರು ಕಾಕಾ?"

ಅವಳ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಈಗ ಬದುಕಿರುವವರಲ್ಲಿ ನಾನೊಬ್ಬನೇ. ಅವಳ ತಂದೆ ಹಾಗೆ ಮಾಡಿರಲಿಲ್ಲ. ಮಾಡಿದವನು ನಾನು. ಇಪ್ಪತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಹೊಸಬರಿಗೆ ಕೆಲಸ ಹೇಳಿಕೊಡುವಾಗ ಅದನ್ನೂ ಸೇರಿಸಿ ಹೇಳುತ್ತೇನೆ, ಕುಳಿತು ಕೇಳು ಎಂದೆ. ಅಂದು ಹೇಳಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆದಿಡುತ್ತಿದ್ದೇನೆ.

ಸೇನೆಯಿಂದ ಬಿಡುಗಡೆಯಾಗಿ ಬಂದ ವರ್ಷ ನನಗೆ ಮೂವತ್ನಾಲ್ಕು. ಈ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗಿಂದ ಟ್ರಂಪೆಟ್ ಕೇಳಿಸಿತು. ಊದುತ್ತಿದ್ದವರು ದಪ್ಪ ಮೈಯ, ಬಿಳಿ ಬೂಟಿನ ಒಬ್ಬ ಮನುಷ್ಯ. ಅವರೇ ಮೌಲಾ ಮಾಸ್ತರ. ಅವರ ತಂದೆ ತಂಬಾಕಿನ ವಖಾರಿಯಲ್ಲಿ ಹಮಾಲಿ ಮಾಡುತ್ತಿದ್ದರು. ಮಾಸ್ತರರ ಸೋದರಮಾವನ ಮಗ ಮುಂಬಯಿಯಲ್ಲಿ ಹಡಗಿನ ಮೇಲೆ ಕೆಲಸಕ್ಕಿದ್ದ. ಪ್ರತಿ ಸಲ ಬರುವಾಗ ಆತ ಹೊರದೇಶದ ಕ್ಯಾಸೆಟ್ಟು ತರುತ್ತಿದ್ದ. ಕೆಲವು ಡಿಸ್ಕೋ, ಕೆಲವು ಸೋಲ್. ಡಿಸ್ಕೋ ಎಲ್ಲರಿಗೂ ಗೊತ್ತು. ಸೋಲ್ ಎಂದರೆ ಅಮೆರಿಕದ ಕರಿಯರು ಚರ್ಚಿನ ಹಾಡುಗಾರಿಕೆಯಿಂದ ಬೆಳೆಸಿದ, ಎದೆ ಬಿಚ್ಚಿ ಕೂಗುವ ಗಾಯನ. ಮಾಸ್ತರರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಿವಿಗೆ ಬಿದ್ದಂತೆ ಶಬ್ದ ಹಿಡಿದು ಹಾಡುತ್ತಿದ್ದರು. ಅದಕ್ಕೆ ಅವರು ಇಟ್ಟುಕೊಂಡಿದ್ದ ಹೆಸರು 'ಎದಿ ಹಾಡು'.

ಮೊದಲ ದಿನವೇ ನನ್ನ ಕೈಗೆ ಕೋಲು ಕೊಟ್ಟರು. ಡಿಸ್ಕೋ ನನಗೆ ಸುಲಭವಾಗಿತ್ತು. ನಾಲ್ಕು ಸಮ ಪೆಟ್ಟು, ಕವಾಯತಿನ ಹಾಗೆ. ಎದಿ ಹಾಡು ಶುರುವಾದ ಕೂಡಲೇ ಕೈಯೆತ್ತಿ ನಿಲ್ಲಿಸಿದರು.

"ಹವಾಲ್ದಾರ ಸಾಹೇಬ್ರ, ನೀವು ಕಾಲಿಗೆ ಬಾರಸಾಕತ್ತೀರಿ. ಸೊಂಟಕ್ಕ ಬಾರಸ್ರಿ."

"ಅಂದ್ರ ಹೆಂಗ್ರಿ?"

"ಎರಡನೇ ಪೆಟ್ಟಿಗೆ ಒಂದ್ ಗುಂಜಿಯಷ್ಟ ತಡಾ ಮಾಡಿ ಬರ್ರಿ."

ಹದಿನೈದು ವರ್ಷ ನನಗೆ ಯಾರೂ ತಡವಾಗಿ ಬಾ ಎಂದಿರಲಿಲ್ಲ. ತಡವಾಗಿ ಬಂದವರು ಮೈದಾನ ಸುತ್ತಬೇಕಿತ್ತು. ಆ ಒಂದು ಗುಂಜಿ ತಡ ಕಲಿಯಲು ನನಗೆ ಎರಡು ಸೀಸನ್ ಹಿಡಿಯಿತು. ಅಲ್ಲಿಯವರೆಗೆ ಮಾಸ್ತರರು ಊದುತ್ತಲೇ ಹಿಂದೆ ತಿರುಗಿ ಹುಬ್ಬು ಹಾರಿಸಿ ನನ್ನನ್ನು ತಡೆಯುತ್ತಿದ್ದರು.

ಇಷ್ಟು ಹೇಳುವಷ್ಟರಲ್ಲಿ ಪ್ರಕಾಶ ಕೇಳಿದ: "ಕಾಕಾ, ಈಗ ಆಕ್ಟೊಪ್ಯಾಡಿನ್ಯಾಗ ಬಟನ್ ಒತ್ತಿದ್ರ ಆ ಬೀಟ್ ತಾನ ಬರ್ತೈತಿ. ನೀವ್ಯಾಕ ಎರಡ ವರ್ಷ ತೋಳ ಸವಿಸಿದ್ರಿ?"

"ಕುಣಿಯೋ ಬೀಗರು ದಣದಾರ ಅಂತ ನಿನ್ನ ಬಟನ್ನಿಗೆ ಗೊತ್ತಾಕ್ಕೈತೇನ್ಲೇ?" ಎಂದೆ. ಉಳಿದವರು ನಕ್ಕರು. ಆದರೆ ಅವನ ಮಾತು ಪೂರ್ತಿ ತಪ್ಪಲ್ಲ. ವಿಧಾನ ಬದಲಾದದ್ದನ್ನು ಬೈಯುತ್ತ ಕೂರುವ ಮುದುಕ ನಾನಲ್ಲ. ನಾವು ಹಾಡು ಕಲಿಯುವಾಗ ಕ್ಯಾಸೆಟ್ಟನ್ನು ಪೆನ್ಸಿಲಿನಿಂದ ಹಿಂದಕ್ಕೆ ಸುತ್ತಿ ಸುತ್ತಿ ಟೇಪೇ ಸವೆಯುತ್ತಿತ್ತು. ಡ್ರಮ್ಮುಗಳು ಬಸ್ಸಿನ ಟಾಪಿನ ಮೇಲೆ ಹೋಗುತ್ತಿದ್ದವು. ರಾಯಬಾಗದ ದಾರಿಯಲ್ಲಿ ಒಮ್ಮೆ ದೊಡ್ಡ ಡ್ರಮ್ಮು ಕಬ್ಬಿನ ಗದ್ದೆಗೆ ಹಾರಿ, ಅರ್ಧ ಗಂಟೆ ಹುಡುಕಿದೆವು. ಈಗ ಟ್ರ್ಯಾಕ್ಟರಿನ ಮೇಲೆ ಸ್ಪೀಕರು, ಜನರೇಟರು, ಕೀಬೋರ್ಡು. ಹಾಡು ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಸಿಗುತ್ತದೆ. ಇದೆಲ್ಲ ಒಳ್ಳೆಯದೇ. ಆದರೆ ಸದ್ದು ನಾಲ್ಕು ಪಟ್ಟು ಹೆಚ್ಚಿದೆ. ಆದ್ದರಿಂದ ಮುಂದೆ ಹೇಳುವ ಕೆಲಸ ನಿಮಗೆ ನಮಗಿಂತ ನಾಲ್ಕು ಪಟ್ಟು ಮುಖ್ಯ.

ಆ ಕೆಲಸಕ್ಕೆ ಮಾಸ್ತರರು ಇಟ್ಟ ಹೆಸರು 'ದಾರಿ ನೋಡೋದು'. ಮೆರವಣಿಗೆ ಹೊರಡುವ ಅರ್ಧ ಗಂಟೆ ಮೊದಲು, ವಾದ್ಯ ಹೋಗುವ ಪೂರ್ತಿ ದಾರಿಯನ್ನು ನಮ್ಮವನೊಬ್ಬ ನಡೆದು ನೋಡಬೇಕು. ತಂತಿ ಕೆಳಗೆ ಜೋತಿದೆಯೇ, ಬೆದರುವ ಎತ್ತು ಕಟ್ಟಿದ್ದಾರೆಯೇ, ಮಸೀದಿಯಲ್ಲಿ ನಮಾಜಿನ ಹೊತ್ತೇ, ಬಸದಿಗೆ ಮುನಿಗಳು ಬಂದಿದ್ದಾರೆಯೇ, ಶಾಲೆಯಲ್ಲಿ ಪರೀಕ್ಷೆ ಇದೆಯೇ. ಇಷ್ಟು ಕಣ್ಣಿಗೆ ಕಾಣುವಂಥವು. ಕಾಣದಿರುವುದನ್ನು ಬಾಗಿಲಲ್ಲಿ ನಿಂತು ಕೇಳಬೇಕು: "ಮೆರವಣಿಗಿ ಬರ್ತೈತ್ರಿ, ಮನ್ಯಾಗ ಏನರ ಐತೇನ್ರಿ?" ಬಾಣಂತಿ ಇದ್ದರೆ ಹೇಳುತ್ತಾರೆ, ಜಡ್ಡಾದವರಿದ್ದರೆ ಹೇಳುತ್ತಾರೆ, ಸಾವಾಗಿದ್ದರೆ ಹೇಳುತ್ತಾರೆ. ಅಂಥ ಮನೆ ಬಂದಾಗ ಮಾಸ್ತರರು ಟ್ರಂಪೆಟ್ ಮೇಲೆತ್ತುತ್ತಿದ್ದರು. ವಾದ್ಯ ನಿಲ್ಲುತ್ತಿತ್ತು. ಹತ್ತು ಮನೆ ದಾಟಿದ ಮೇಲೆ ಮತ್ತೆ ಹಾಡು ಶುರು ಮಾಡುತ್ತಿದ್ದರು. ಸುತ್ತಲಿನ ಐದು ತಾಲೂಕುಗಳಲ್ಲಿ ಬೇರೆ ಬೇರೆ ಬ್ಯಾಂಡುಗಳಿದ್ದವು. ಬಾಗಿಲಿಗೆ ಬಂದು ಕೇಳುವವರು ನಾವು ಮಾತ್ರ. ನಮ್ಮನ್ನು ಕರೆಯಲು ಇದೊಂದು ಕಾರಣ.

ಮಾಸ್ತರರು ಮೇಲಧಿಕಾರಿಯಾಗಿ ಹೇಗಿದ್ದರು ಎಂದು ರುಬೀನಾ ಅಲ್ಲ, ಹೊಸಬರು ಕೇಳಿದರು. ಕಾಗವಾಡದ ಒಂದು ಮದುವೆ ಹೇಳಿದೆ. ಹೆಣ್ಣಿನವರು ಕನ್ನಡದವರು, ಗಂಡಿನವರು ಮೀರಜ್ ಕಡೆಯ ಮರಾಠಿಯವರು. ಮಧ್ಯಾಹ್ನದ ಬಿಸಿಲಲ್ಲಿ ಚೌಕಿನಲ್ಲಿ ಜಗಳ ಹತ್ತಿತು. "ಆಮಚಂ ಗಾಣಂ ಲಾವಾ", ನಮ್ಮ ಹಾಡು ಹಾಕಿ ಎಂದು ಅವರು. "ನಮ್ಮ ಊರಾಗ ನಮ್ಮ ಹಾಡ ಬಾರಸ್ರಿ" ಎಂದು ಇವರು. ಮದುಮಗನ ಚಿಕ್ಕಪ್ಪ ರುಮಾಲು ಕೆಳಗೆ ಎಸೆದ. ಅಕ್ಷತೆಗೆ ಇಪ್ಪತ್ತು ನಿಮಿಷ ಉಳಿದಿತ್ತು. ಗಡಿಯಾರ ತೋರಿಸಿದೆ. ಮಾಸ್ತರರು ಇಬ್ಬರಿಗೂ "ಹೌದ್ರಿ, ಹೋ ಹೋ" ಎಂದು ಹೇಳಿ ನಮ್ಮ ಕಡೆ ತಿರುಗಿ ಎದಿ ಹಾಡು ಎತ್ತಿದರು. ಇಂಗ್ಲಿಷ್ ಶಬ್ದವೂ ಅಲ್ಲದ, ಅರ್ಧ ನುಂಗಿದ ಶಬ್ದಗಳು. ಚೌಕಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಯಾರ ಹಾಡೂ ಅಲ್ಲವಾದ್ದರಿಂದ ಯಾರೂ ಬೇಡ ಎನ್ನಲಾಗಲಿಲ್ಲ. ರುಮಾಲು ಎಸೆದ ಚಿಕ್ಕಪ್ಪನೇ ಮೊದಲು ಭುಜ ಕುಣಿಸಿದ. ಅಕ್ಷತೆ ಎರಡು ನಿಮಿಷ ಮೊದಲೇ ಬಿತ್ತು.

ಅಂಗಡಿಗೆ ಬಂದ ಮೇಲೆ ನಾನು ಹೊಗಳಿದಾಗ ಅವರು ಹೇಳಿದ್ದು ಇಷ್ಟೇ: "ನಿಮ್ಮ ಗಡಿಯಾರ ನೋಡಿ ಅಂಜಿಕಿ ಬಂತ್ರಿ. ಅದಕ್ಕ ಬಾಯಿಗೆ ಬಂದದ್ದ ಹಾಡಿದೆ."

ಇನ್ನು ಸತ್ತಿ. ಇದನ್ನು ಹೇಳುವ ಮೊದಲು ಪ್ರಕಾಶನಿಗೆ ಬಾಗಿಲು ಮುಚ್ಚಲು ಹೇಳಿದೆ.

ಇಪ್ಪತ್ತು ವರ್ಷದ ಹಿಂದಿನ ಆ ಮದುವೆಗೆ ನಾವು ಹಿಂದಿನ ಸಂಜೆಯೇ ಸತ್ತಿಗೆ ಹೋಗಿ ತಂಗಿದ್ದೆವು. ಮಾಸ್ತರರಿಗೆ ಜ್ವರ ಏರಿತ್ತು. ನಾಳೆ ದಾರಿ ನೋಡುವ ಕೆಲಸ ನಿಮ್ಮದು ಎಂದರು. ನಾನು ಅಂದು ಸಂಜೆ ಐದಕ್ಕೇ ಹೊರಟೆ. ಸೇನೆಯಲ್ಲಿ ದಾರಿಯ ತಪಾಸಣೆ ಹಿಂದಿನ ದಿನವೇ ಮುಗಿಯಬೇಕು. ಪ್ರತಿ ಬಾಗಿಲಲ್ಲೂ ಕೇಳಿದೆ, ಕಾಗದದ ಮೇಲೆ ನಕ್ಷೆ ಬರೆದೆ, ಪ್ರತಿ ಮನೆಗೂ ಗುರುತು ಹಾಕಿದೆ. ಎಲ್ಲವೂ ಸರಿಯಿತ್ತು. ಮರುದಿನ ಬೆಳಿಗ್ಗೆ ಮತ್ತೆ ನಡೆಯುವ ಅಗತ್ಯ ನನಗೆ ಕಾಣಲಿಲ್ಲ. ಆ ಅರ್ಧ ಗಂಟೆಯಲ್ಲಿ ಹುಡುಗರ ಬೂಟು ಪಾಲಿಶ್ ಮಾಡಿಸಿದೆ, ಸಾಲು ನಿಲ್ಲಿಸಿ ಗುಂಡಿ ನೋಡಿದೆ.

ಮದುವೆಯ ದಿನ ಬೆಳಿಗ್ಗೆ ಆ ಓಣಿಯ ಗಂಗವ್ವನ ಗಂಡ ಹೊಲದಲ್ಲಿ ಎದೆ ಹಿಡಿದು ಬಿದ್ದಿದ್ದರು. ಮನೆಗೆ ತಂದು ಇನ್ನೂ ಗಂಟೆಯಾಗಿರಲಿಲ್ಲ, ಜೀವ ಹೋಯಿತು. ಮದುಮಗನ ಕಡೆಯವರು ಬೇರೆ ಊರಿನವರು, ಅವರಿಗೆ ಗೊತ್ತಿಲ್ಲ. ಹೆಣ್ಣಿನ ಮನೆ ಊರಿನ ಆ ತುದಿಗೆ. ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಓಣಿಯವರಿಗೆ ಮಾತ್ರ ಗೊತ್ತಿತ್ತು. ಅವರು ಓಡಿ ಬಂದು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಮೌಲಾ ಮಾಸ್ತರರ ಪಾರ್ಟಿಯ ಮನುಷ್ಯ ಕೇಳಲು ಬಂದೇ ಬರುತ್ತಾನೆ, ಆಗ ಹೇಳಿದರಾಯಿತು ಎಂದು ಎಲ್ಲರೂ ಕಾದಿದ್ದರು.

ನಾವು ಮೂಲೆ ತಿರುಗಿದೆವು. ಪೂರ್ತಿ ಎತ್ತರದ ಡಿಸ್ಕೋ, ಮುಂದೆ ಹತ್ತಿಪ್ಪತ್ತು ಜನರ ಕುಣಿತ. ಮಾಸ್ತರರು ಜ್ವರದಲ್ಲೇ ಎದ್ದು ಬಂದು ಮುಂದೆ ನಿಂತಿದ್ದರು. ಒಬ್ಬ ಹೆಣ್ಣುಮಗಳು ಮನೆಯಿಂದ ಹೊರಬಂದು ಕುಣಿಯುವವರ ನಡುವೆ ನಿಂತಳು. ಕೂಗಲಿಲ್ಲ. ಕುಣಿಯುವವರು ಒಬ್ಬೊಬ್ಬರಾಗಿ ನಿಂತರು. ಮಾಸ್ತರರು ಟ್ರಂಪೆಟ್ ಎತ್ತಿದರು. ನನ್ನ ಕೈ ಮಾತ್ರ ಇನ್ನೂ ಎರಡು ಪೆಟ್ಟು ಬಾರಿಸಿತು.

"ಒಳಗ ನನ್ನ ಮನಿಯವರ ಹೆಣ ಐತಿ. ಕಣ್ಣ ಮುಚ್ಚಿ ಬಾರಸ್ತೀರೇನು?" ಎಂದಳು ಆಕೆ.

ಮಾಸ್ತರರು ತಿರುಗಿ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಎಲ್ಲ ತಿಳಿಯಿತು. ಮತ್ತೆ ಅವಳ ಕಡೆ ತಿರುಗಿ, ಓಣಿಯ ಜನವೆಲ್ಲ ಕೇಳುವಂತೆ ಹೇಳಿದರು: "ನಂದ ತಪ್ಪ್ರೀ ಅಕ್ಕಾ. ದಾರಿ ನೋಡೋದ ನಾ ಮರತೆ."

ನಾನು ಮೂರು ಹೆಜ್ಜೆ ಹಿಂದೆ ಇದ್ದೆ. ಬಾಯಿ ತೆರೆಯಲಿಲ್ಲ.

ಸಂಜೆ ವಾಹನದಲ್ಲಿ ಅವರಿಗೆ ಹೇಳಿದೆ, ನಾಳೆ ಹೋಗಿ ನಿಜ ಹೇಳುತ್ತೇನೆ ಎಂದು. ಅವರು ಬೇಡ ಎಂದರು. "ಚಪ್ಪಾಳಿ ಬಿದ್ರ ನಾ ತಗೋತೀನಿ. ಬೈಗಳಾ ಬಿದ್ರ ಅವನ್ನೂ ನಾನ ತಗೋಬೇಕು. ಈ ಮಾತ ಇಲ್ಲಿಗೆ ಬಿಡ್ರಿ." ಆಜ್ಞೆ ಪಾಲಿಸುವುದು ನನ್ನ ಅಭ್ಯಾಸ. ಆ ಆಜ್ಞೆಯನ್ನು ಪಾಲಿಸುವುದು ನನಗೆ ಅನುಕೂಲವೂ ಆಗಿತ್ತು. ಸತ್ತಿಯವರು ಮತ್ತೆ ಕರೆಯಲಿಲ್ಲ. ಮಾಸ್ತರರ ಹೆಸರು ಅಲ್ಲಿ ಕೆಟ್ಟಿತು, ನನ್ನದು ಎಲ್ಲಿಯೂ ಕೆಡಲಿಲ್ಲ. ಆ ವರ್ಷದ ನಂತರವೂ ನಾನು ಹತ್ತಾರು ಹುಡುಗರಿಗೆ ಶಿಸ್ತಿನ ಪಾಠ ಹೇಳಿದ್ದೇನೆ.

ಅಂಗಡಿಯಲ್ಲಿ ನನ್ನ ಮಾತು ಮುಗಿಯಿತು. ರುಬೀನಾ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದಳು.

"ಕಾಕಾ, ಅಬ್ಬಾ ಇದ್ದಾಗ ಇದನ್ನ ನಂಗ ಒಂದ್ ಸಲ ಹೇಳಬಾರದಿತ್ತೇನ್ರಿ?"

"ಹೇಳಬೇಕಿತ್ತವಾ."

"ಹಂಗಂದ್ರ ನಾಳಿಗ್ಯಾಕ, ಈಗ ಸತ್ತಿಗೆ ನಡೀರಿ."

ಹತ್ತೂ ಇಪ್ಪತ್ತಕ್ಕೆ ಚಿಕ್ಕೋಡಿಯ ಬಸ್ಸು. ಅಲ್ಲಿಂದ ಅಥಣಿ. ಅಥಣಿಯಿಂದ ಇನ್ನೊಂದು ಬಸ್ಸು ಹಿಡಿದು ಸತ್ತಿಯಲ್ಲಿ ಇಳಿದಾಗ ಎರಡು ಗಂಟೆ ದಾಟಿತ್ತು. ದಾರಿಯುದ್ದಕ್ಕೂ ರುಬೀನಾ ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಹೇಳಬೇಕಾದ ವಾಕ್ಯಗಳನ್ನು ಜೋಡಿಸಿಕೊಂಡೆ. ನಾಲ್ಕು ವಾಕ್ಯ ಸಾಕಾಗುತ್ತಿತ್ತು.

ಗಂಗವ್ವ ಪಡಸಾಲೆಯಲ್ಲಿ ಗೋವಿನಜೋಳದ ಕಾಳು ಬಿಡಿಸುತ್ತಿದ್ದರು. ತಲೆಗೂದಲು ಪೂರ್ತಿ ಬೆಳ್ಳಗಾಗಿದೆ.

"ಯಾರ್ರಿ?"

"ನಿಪ್ಪಾಣಿಯಿಂದ ಬಂದೇವ್ರಿ. ಈಕಿ ಮೌಲಾ ಮಾಸ್ತರ ಮಗಳು. ನಾ ಅವರ ಪಾರ್ಟಿಯೊಳಗ ಡ್ರಮ್ ಬಾರಿಸ್ತಿದ್ದಾವ."

ಕೈ ನಿಂತಿತು. "ಮಾಸ್ತರ ತಾವು ಬರಲಿಲ್ಲೇನು?"

"ಹೋದ ತಿಂಗಳ ತೀರ್ಕೊಂಡ್ರು."

ಕೈಯಲ್ಲಿದ್ದ ತೆನೆ ಕೆಳಗಿಟ್ಟು, "ಕೂಡ್ರಿ" ಎಂದರು.

ನಾನು ಕೂರಲಿಲ್ಲ. ನಿಂತೇ ಹೇಳಿದೆ: "ಅವತ್ತ ದಾರಿ ನೋಡೋ ಕೆಲಸ ನಂದಿತ್ತು. ನಾ ಹಿಂದಿನ ದಿನ ನೋಡಿ ಬಿಟ್ಟೆ, ಆ ಮುಂಜಾನಿ ನೋಡಲಿಲ್ಲ. ಮಾಸ್ತರ ಜ್ವರದಾಗ ಮಲಗಿದ್ರು, ಅವರದ ಏನೂ ತಪ್ಪಿಲ್ಲ. ನನ್ನ ತಪ್ಪ ಅವರು ತಮ್ಮ ಮೈಮ್ಯಾಲ ಹಾಕ್ಕೊಂಡ್ರು, ನಾ ಸುಮ್ನ ನಿಂತೆ."

"ಇಪ್ಪತ್ತ ವರ್ಷ ಆತು. ಈಗ ಮದುವ್ಯಾಗ ಬಾರಸಾಕ ಸುಪಾರಿ ಬಂದೈತಿ, ಅದಕ್ಕ ನೆನಪಾತು. ಹೌದಿಲ್ಲೋ?"

"ಹೌದ್ರಿ. ಅದೂ ಐತಿ."

ಅವರು ಒಂದು ತೆನೆ ಪೂರ್ತಿ ಬಿಡಿಸಿದರು.

"ಮೂರನೇ ದಿನ ನಿಮ್ಮ ಮಾಸ್ತರ ಒಬ್ಬನ ಬಂದಿದ್ದ. ಗೊತ್ತೈತೇನು ನಿಮಗ?"

ನನಗೆ ಗೊತ್ತಿರಲಿಲ್ಲ.

"ಬಾಗಲದಾಗ ನಿಂತ. ನಾ ಬಾಗಲಾ ತಗೀಲಿಲ್ಲ. ಓಣಿ ಮಂದಿ ಬಾಯಿಗೆ ಬಂದಂಗ ಬೈದ್ರು. ಎದುರ ಮನಿ ರಾಮಪ್ಪ ಅವನ ತಲಿ ಮ್ಯಾಲಿನ ಟೊಪಗಿ ಕಸಕೊಂಡ ಗಟಾರದಾಗ ಒಗದ. ಅಂವಾ ಎತ್ತಿಕೊಂಡ, ಝಾಡಿಸಿದ, ತಲಿಗೆ ಇಡದ ಹ್ವಾದ. ತಪ್ಪ ಇನ್ನೊಬ್ಬಂದ ಐತಿ ಅಂತ ಒಂದ ಮಾತ ಬಾಯಿಂದ ಬರಲಿಲ್ಲ."

ರುಬೀನಾ ಕಂಬ ಹಿಡಿದು ನಿಂತಿದ್ದಳು. ಗಂಗವ್ವ ಅವಳನ್ನು ನೋಡಿ, ಮತ್ತೆ ನನ್ನ ಕಡೆ ತಿರುಗಿದರು.

"ನನ್ನೊಬ್ಬಾಕಿಗೆ ಹೇಳಿದ್ರ ಆಗೂದಿಲ್ಲ. ಅಂವಾ ಒಪಗೊಂಡಿದ್ದ ಓಣಿ ತುಂಬ ಮಂದಿ ಮುಂದ. ಬೈಸಿಕೊಂಡಿದ್ದೂ ಅವರ ಕಡಿಂದ. ನೀವೂ ಅವರಿಗೇ ಹೋಗಿ ಹೇಳ್ರಿ. ಒಂದ ಮನಿ ಬಿಡಬ್ಯಾಡ್ರಿ. ಆಮ್ಯಾಲ ಪಾರ್ಟಿ ಬರಲಿ, ನಂದೇನ ತಕರಾರಿಲ್ಲ."

ಮೂರು ಗಂಟೆಗೆ ಓಣಿಯ ಬಾಯಿಯಿಂದ ಶುರು ಮಾಡಿದೆ. ಎಡಗಡೆಯ ಸಾಲು ಮೊದಲು, ಆಮೇಲೆ ಬಲಗಡೆಯದು. ಪ್ರತಿ ಬಾಗಿಲಲ್ಲೂ ಅದೇ ನಾಲ್ಕು ವಾಕ್ಯ. ಮೊದಲ ಮನೆಯ ಯುವಕ, "ಯಾವ ಬ್ಯಾಂಡ್ರೀ ಅಜ್ಜಾರ? ನಾ ಆಗ ತೊಟ್ಟಲದಾಗ ಇದ್ದೆ" ಎಂದ. ಅವನ ಅಜ್ಜಿ ಒಳಗಿನಿಂದಲೇ, "ನನಗ ಗೊತ್ತೈತಿ, ನೀ ಸುಮ್ಮಿರು" ಎಂದು ಹೊರಬಂದು ಪೂರ್ತಿ ಕೇಳಿ, ಒಳಗೆ ಹೋದರು. ಇನ್ನೊಂದು ಮನೆಯಲ್ಲಿ ಒಬ್ಬ ಹಿರಿಯರು, "ಮಿಲಿಟರಿ ಮನಶ್ಯಾ ಆಗಿ ಹಿಂಗ ಅಡಗಿ ಕುಂತಿದ್ರೇನು?" ಎಂದು ಬೈದರು. ಹೌದು ಎಂದೆ. ಒಬ್ಬರು ಚಹಾ ಕೊಟ್ಟರು. ಕುಡಿಯಲಿಲ್ಲ, ಇನ್ನೂ ಮನೆಗಳಿದ್ದವು. ಮತ್ತೊಬ್ಬ ತಾನೂ ಆ ದಿನ ಕಟ್ಟೆಯ ಮೇಲೆ ಕೂತಿದ್ದೆ, ಓಡಿ ಬಂದು ಹೇಳಬೇಕಿತ್ತು, ಹೇಳಲಿಲ್ಲ ಎಂದ. ಅದು ನಿಮ್ಮ ಕೆಲಸ ಆಗಿರಲಿಲ್ಲ ಎಂದೆ.

ಐದರ ಸುಮಾರಿಗೆ ಎಲ್ಲ ಮನೆ ಮುಗಿದವು, ಒಂದನ್ನು ಬಿಟ್ಟು. ರಾಮಪ್ಪನ ಮನೆಗೆ ಬೀಗ ಹಾಕಿತ್ತು. ಅವರು ಹೊಲದಿಂದ ಬರುವುದು ದನಗಳ ಜೊತೆಗೆ, ಆರರ ಮೇಲೆ ಎಂದು ಪಕ್ಕದವರು ಹೇಳಿದರು.

"ಕಾಕಾ, ಅಥಣಿ ಬಸ್ಸು ಐದೂವರಿಗೈತಿ" ಎಂದಳು ರುಬೀನಾ.

"ನೀ ಹೋಗವಾ. ನಾ ಇದೊಂದ ಮುಗಿಸಿ ಬರ್ತೀನಿ."

ಅವಳು ಹೋಗಲಿಲ್ಲ. ಇಬ್ಬರೂ ಆ ಮನೆಯ ಕಟ್ಟೆಯ ಮೇಲೆ ಕುಳಿತೆವು. ಬಸ್ಸಿನ ಹಾರ್ನು ಕೇಳಿಸಿತು, ಹೋಯಿತು. ಅವಳು ಒಂದೇ ಮಾತು ಕೇಳಿದಳು: "ಅಬ್ಬಾ ಒಮ್ಮೆ ಟೊಪಗಿ ಇಲ್ಲದ ಮನಿಗೆ ಬಂದಿದ್ರು. ಬಸ್ಸಿನ್ಯಾಗ ಹಾರಿ ಹೋತು ಅಂದಿದ್ರು. ಆ ದಿನಾನ ಇದ್ದೀತೇನ್ರಿ?" ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಹೇಳಿ ಅವಳನ್ನು ಸಮಾಧಾನ ಮಾಡುವ ಹಕ್ಕು ನನಗಿರಲಿಲ್ಲ.

ಆರೂ ಹತ್ತಕ್ಕೆ ರಾಮಪ್ಪ ಎರಡು ಎಮ್ಮೆ ಹೊಡೆದುಕೊಂಡು ಬಂದರು. ಎತ್ತರದ ಆಳು, ಈಗ ಬೆನ್ನು ಬಾಗಿದೆ. ಎಮ್ಮೆ ಕಟ್ಟುವವರೆಗೆ ಕಾದು, ನಿಂತು ನಾಲ್ಕು ವಾಕ್ಯ ಹೇಳಿದೆ. ಅವರು ಕೇಳಿ, ಕಾಲು ತೊಳೆಯಲು ತಂಬಿಗೆ ಎತ್ತಿಕೊಂಡವರು ಅದನ್ನು ಮತ್ತೆ ಕೆಳಗಿಟ್ಟರು.

"ಟೊಪಗಿ ಒಗದಾವ ನಾನ" ಎಂದರು.

"ಗಂಗವ್ವಕ್ಕ ಹೇಳ್ಯಾರ್ರಿ" ಎಂದಳು ರುಬೀನಾ.

"ನೀ ಯಾರವಾ?"

"ಅವರ ಮಗಳು."

ರಾಮಪ್ಪ ಎಮ್ಮೆಯ ಹಗ್ಗ ಮತ್ತೊಮ್ಮೆ ಬಿಗಿದರು. ಆಮೇಲೆ ಅವಳನ್ನೇ ಕೇಳಿದರು:

"ಮದುವಿ ದಿನ ದಾರಿ ಕೇಳಾಕ ಯಾರ ಬರ್ತೀರಿ?"

"ನಾನ ಬರ್ತೀನ್ರಿ. ಅರ್ಧಾ ತಾಸ ಮೊದಲ."

"ಹಂಗಾರ ಮೊದಲ ನಮ್ಮ ಮನಿಗೆ ಬಾ. ಇಲ್ಲಿಂದ ಮುಂದ ನಾ ನಿನ್ನ ಜೋಡಿ ಬಾಗಲಾ ಬಾಗಲಾ ಬರ್ತೀನಿ."

ರುಬೀನಾ ತಲೆಯಾಡಿಸಿದಳು. ಆರೂ ಇಪ್ಪತ್ತಾಗಿತ್ತು. ಆ ಓಣಿಯಲ್ಲಿ ನಾನು ಹೇಳಬೇಕಾದ ಮನೆ ಇನ್ನೊಂದು ಉಳಿದಿರಲಿಲ್ಲ.